ಹಳೇ ರೈಫಲ್‌ನಲ್ಲಿ ಏನಿಲ್ಲ ಅಂತ ನೋಡೋದು ಹೇಗೆ?

ಸೆಕೆಂಡ್ ಹ್ಯಾಂಡ್ ಬೈಕ್ ಕೊಳ್ಳೋಕೆ ಹೋದಾಗ ನಾವೆಲ್ಲ ಏನು ಮಾಡ್ತೀವಿ? ಸ್ಟಾರ್ಟ್ ಮಾಡಿ ಸದ್ದು ಕೇಳ್ತೀವಿ, ಸೈಲೆನ್ಸರ್ ಹೊಗೆ ನೋಡ್ತೀವಿ, ಪರಿಚಯದ ಮೆಕ್ಯಾನಿಕ್ ಇದ್ರೆ ಜೊತೆಗೆ ಕರ್ಕೊಂಡು ಹೋಗ್ತೀವಿ. ಬೈಕಿನಲ್ಲಿ ಒಂದು ನಟ್ಟು ಸಡಿಲ ಇದ್ರೂ ಗಡಗಡ ಅಂತ ಅದೇ ಹೇಳಿಬಿಡುತ್ತೆ. ರೈಫಲ್ ಹಾಗಲ್ಲ. ಒಳಗಿನ ಚಿಕ್ಕ ಸ್ಕ್ರೂ ಇಲ್ಲದಿದ್ದರೂ ಗೋಡೆಗೆ ಒರಗಿಸಿಟ್ಟಾಗ ಅದು ಪೂರ್ತಿ ಇರುವಂತೆಯೇ ಕಾಣುತ್ತದೆ. ತೊಂದರೆ ಗೊತ್ತಾಗುವುದು ಗುಂಡು ಹಾರಿಸಿದಾಗ. ಆಗ ಕೆನ್ನೆ ಅದರ ಪಕ್ಕದಲ್ಲೇ ಇರುತ್ತದೆ.

ನಾನು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕೆಲಸ ಮಾಡುವ ಸಾಫ್ಟ್‌ವೇರ್ ಎಂಜಿನಿಯರ್. ಇಲ್ಲಿ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಆದ ಮೇಲೆ ಜಿಂಕೆ ಬೇಟೆಯ ಸೀಸನ್. ನಮ್ಮಲ್ಲಿ ಜಾತ್ರೆಗೆ ರಜೆ ಕೊಟ್ಟ ಹಾಗೆ ಎಷ್ಟೋ ಶಾಲೆಗಳು ಆ ಸೋಮವಾರ ಮುಚ್ಚಿರುತ್ತವೆ. ನಮ್ಮ ಟೀಮ್ ಲೀಡ್‌ಗೆ 13 ವರ್ಷದ ಮಗಳಿದ್ದಾಳೆ. ಬೇಟೆಯ ಸುರಕ್ಷತಾ ತರಬೇತಿ ಮುಗಿಸಿ, ಕಿರಿಯರ ಲೈಸೆನ್ಸ್ ತೆಗೆದುಕೊಂಡು, ಮೊದಲ ಸೀಸನ್‌ಗೆ ಕಾಯುತ್ತಿದ್ದಳು. ಅವಳಿಗಾಗಿ ಲೀಡ್ ಒಂದು ಹಳೇ ರೈಫಲ್ ನೋಡಿದ್ದರು. ಮಾರುತ್ತಿದ್ದವರು ಅವರ ಬೀದಿಯ ವಯಸ್ಸಾದ ಅಮ್ಮ. ಗಂಡ ತೀರಿಕೊಂಡು ಎರಡು ವರ್ಷ, ರೈಫಲ್ ಅಟ್ಟದ ಮೇಲೆ ಬಿದ್ದಿತ್ತು.

"ನೀನೂ ಬಾ. ನಾನು ಒಂದೊಂದೇ ಭಾಗ ನೋಡ್ತೀನಿ, ನೀನು ಪಟ್ಟಿ ಓದು" ಅಂದರು ಲೀಡ್. ಕೋಡ್ ರಿವ್ಯೂ ಮಾಡುವ ಹಾಗೆಯೇ.

ಇಲ್ಲಿರುವ ನಮ್ಮವರು ಒಂದು ಮಾತು ತಿಳಿದಿರಬೇಕು. ಎಚ್-1ಬಿ ಥರದ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವಂತಿಲ್ಲ ಅನ್ನುತ್ತದೆ ಇಲ್ಲಿನ ಕೇಂದ್ರ ಕಾನೂನು. ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟು. ನನ್ನ ಹತ್ತಿರ ಆ ಲೈಸೆನ್ಸ್ ಇಲ್ಲ. ಹಾಗಾಗಿ ನಾನು ರೈಫಲ್ ಮುಟ್ಟಲಿಲ್ಲ. ಪಟ್ಟಿ ಓದಿದೆ, ಕಣ್ಣಲ್ಲಿ ನೋಡಿದೆ, ಅಷ್ಟೇ.

ಇದು ನಮ್ಮ ತ್ರೀ ನಾಟ್ ತ್ರೀ!

ಬಟ್ಟೆ ಬಿಚ್ಚಿದ ಕೂಡಲೇ ನನಗೆ ಆಶ್ಚರ್ಯ. ಮರದ ಹಿಡಿಯ ಮುಂದಿನ ಲೋಹದ ಮೇಲೆ ಅಶೋಕ ಸಿಂಹದ ಮುದ್ರೆ, ಜೊತೆಗೆ 'ಆರ್‌ಎಫ್‌ಐ' ಅನ್ನುವ ಅಕ್ಷರ. ಅಂದರೆ ಪಶ್ಚಿಮ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯದು. ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಟ್ಟಲೆ ಇದ್ದ ಅದೇ .303 ಲೀ-ಎನ್‌ಫೀಲ್ಡ್. ಸೇನೆಗೆ ಬೇಡವಾದ ಇಂಥ ರೈಫಲ್‌ಗಳು ಅಮೆರಿಕಕ್ಕೆ ಬಂದವು. ಜನ ಅಗ್ಗಕ್ಕೆ ಕೊಂಡು, ಮುಂದಿನ ಮರ ಕತ್ತರಿಸಿ, ಭಾರ ಇಳಿಸಿ, ಬೇಟೆಗೆ ಹೊಂದಿಸಿಕೊಂಡರು.

ಕತ್ತರಿಸಿ ಹೊಂದಿಸಿದ ರೈಫಲ್‌ನಲ್ಲೇ ಭಾಗಗಳು ಕಳೆಯುವುದು ಹೆಚ್ಚು. ಯಾರೋ ಮನೆಯಲ್ಲೇ ಬಿಚ್ಚಿರುತ್ತಾರೆ, ಮತ್ತೆ ಜೋಡಿಸುವಾಗ ಟೇಬಲ್ ಮೇಲೆ ಒಂದು ಸ್ಕ್ರೂ ಉಳಿದುಬಿಟ್ಟಿರುತ್ತದೆ.

ಮೊದಲು ಖಾಲಿ ಇದೆಯಾ ನೋಡಿ

ಏನೇ ನೋಡುವ ಮೊದಲು ನಳಿಗೆಯನ್ನು ಜನರಿಲ್ಲದ ದಿಕ್ಕಿಗೆ ಹಿಡಿಯಬೇಕು, ಮ್ಯಾಗಜೀನ್ ತೆಗೆಯಬೇಕು, ಬೋಲ್ಟ್ ಹಿಂದಕ್ಕೆ ಎಳೆದು ಕಾಡತೂಸಿನ ಕೋಣೆಯನ್ನು ಕಣ್ಣಿಂದ ನೋಡಬೇಕು. "ಲೋಡ್ ಮಾಡಿಲ್ಲ ಕಣಪ್ಪ" ಅಂತ ಅಮ್ಮ ಹೇಳಿದರು. ಲೀಡ್ ಆದರೂ ಎರಡು ಸಲ ನೋಡಿದರು. ಅಮ್ಮ ಬೇಸರ ಮಾಡಿಕೊಳ್ಳಲಿಲ್ಲ.

ಪಟ್ಟಿ ಹಿಡಿದು ಒಂದೊಂದಾಗಿ

ಪ್ರತಿ ಮಾದರಿಗೂ ಎಲ್ಲ ಭಾಗಗಳನ್ನು ಬಿಡಿಬಿಡಿಯಾಗಿ ತೋರಿಸುವ ಚಿತ್ರ ಸಿಗುತ್ತದೆ. ಅದನ್ನು ಪ್ರಿಂಟ್ ಹಾಕಿಸಿಕೊಂಡು ಹೋಗಿ. ನೆನಪಿನ ಮೇಲೆ ನೋಡಿದರೆ ಇರುವುದಷ್ಟೇ ಕಾಣುತ್ತದೆ, ಇಲ್ಲದ್ದು ಕಾಣುವುದಿಲ್ಲ.

ಬೋಲ್ಟ್: ಲೀ-ಎನ್‌ಫೀಲ್ಡ್‌ನಲ್ಲಿ ಬೋಲ್ಟಿನ ತಲೆ ಬೇರೆ, ಮೈ ಬೇರೆ, ತಲೆಯನ್ನು ತಿರುಗಿಸಿ ಕೂರಿಸಿರುತ್ತಾರೆ. ತಲೆಯಲ್ಲಿ ಎಕ್ಸ್‌ಟ್ರ್ಯಾಕ್ಟರ್ ಅನ್ನುವ ಕೊಕ್ಕೆ, ಅದರ ಸ್ಪ್ರಿಂಗ್, ಒಂದು ಪುಟ್ಟ ಸ್ಕ್ರೂ ಇರಬೇಕು. ಸುಟ್ಟ ಕಾಡತೂಸನ್ನು ಹಿಂದಕ್ಕೆ ಎಳೆಯುವುದು ಈ ಕೊಕ್ಕೆ. ನಮ್ಮದರಲ್ಲಿ ಇತ್ತು.

ಎಜೆಕ್ಟರ್: ಕಾಡತೂಸು ಹೊರಗೆ ಬೀಳಲು ನೆರವಾಗುವ ಈ ಭಾಗ ಈ ಮಾದರಿಯಲ್ಲಿ ಬರೀ ಒಂದು ಸ್ಕ್ರೂ, ರೈಫಲಿನ ಎಡ ಗೋಡೆಯಲ್ಲಿರುತ್ತದೆ. ನಮ್ಮದರಲ್ಲಿ ಅಲ್ಲಿ ಬರೀ ತೂತು.

ಮುಂದಿನ ಸ್ಕ್ರೂವಿನ ಕಾಲರ್: ಟ್ರಿಗರ್ ಗಾರ್ಡನ್ನು ಬಿಗಿಯುವ ದೊಡ್ಡ ಸ್ಕ್ರೂ ಮರದೊಳಗೆ ಒಂದು ಚಿಕ್ಕ ಲೋಹದ ಕೊಳವೆಯ ಮೂಲಕ ಹಾದುಹೋಗುತ್ತದೆ. ಮರ ಬಿಚ್ಚಿದಾಗ ಬಿದ್ದುಹೋಗುವುದು ಇದೇ. ಇದಿಲ್ಲದೆ ಸ್ಕ್ರೂ ಬಿಗಿದರೆ ಮರ ನಜ್ಜುಗುಜ್ಜಾಗುತ್ತದೆ. ಈ ಮಾದರಿಯಲ್ಲಿ ಟ್ರಿಗರ್ ಕೂತಿರುವುದೇ ಗಾರ್ಡಿನ ಮೇಲೆ. ಗಾರ್ಡ್ ಒಂಚೂರು ಮೇಲೆ ಕೆಳಗೆ ಆದರೂ ಟ್ರಿಗರ್ ಎಳೆತ ಬದಲಾಗುತ್ತದೆ. ಲೀಡ್ ಸ್ಕ್ರೂ ಬಿಚ್ಚಿ ಟಾರ್ಚ್ ಹಾಕಿದರು. ಕಾಲರ್ ಇರಲಿಲ್ಲ.

ಸೇಫ್ಟಿ: ಎಡಗಡೆ ಹಿಂದೆ ಇರುವ ಕೀಲಿ. ಅದನ್ನು ಒತ್ತಿಹಿಡಿಯುವ ಸ್ಪ್ರಿಂಗ್ ಇಲ್ಲದಿದ್ದರೆ ಕೀಲಿ ತಾನೇ ಜಾರುತ್ತದೆ. ಹಾಕಿದಾಗ ನಿಲ್ಲುತ್ತದಾ, ಬೋಲ್ಟ್ ನಿಜಕ್ಕೂ ಲಾಕ್ ಆಗುತ್ತದಾ ನೋಡಬೇಕು. ಇಲ್ಲಿ ಸರಿ ಇತ್ತು.

ಮ್ಯಾಗಜೀನ್: 10 ಕಾಡತೂಸು ಹಿಡಿಯುವ ಪೆಟ್ಟಿಗೆ. ಒಳಗಿನ ತಟ್ಟೆಯನ್ನು ಬೆರಳಲ್ಲಿ ಒತ್ತಿ ಬಿಟ್ಟರೆ ಪುಟಿದು ಮೇಲೆ ಬರಬೇಕು.

ಇನ್ನೊಂದು ವಿಷಯ. ಇಲ್ಲದ್ದೆಲ್ಲ ಕಳೆದುಹೋದದ್ದಲ್ಲ. ಹಳೆಯ ಚಿತ್ರದಲ್ಲಿ ಮ್ಯಾಗಜೀನ್ ಕಟ್-ಆಫ್ ಅನ್ನುವ ತಗಡು ಕಾಣಿಸುತ್ತೆ. ಮೊದಲ ಮಹಾಯುದ್ಧದ ಅವಸರದಲ್ಲಿ, 1916ರ ಮಾದರಿಯಿಂದ ಅದನ್ನು ಕೈಬಿಟ್ಟಿದ್ದರು. ಬೇಟೆಗೆಂದು ಕತ್ತರಿಸಿದ ರೈಫಲ್‌ನಲ್ಲಿ ಬಯನೆಟ್ ಹಿಡಿಯುವ ಮೂತಿಯೂ ಇರುವುದಿಲ್ಲ. ಇವನ್ನು ತೋರಿಸಿ ಬೆಲೆ ಇಳಿಸೋದು ನ್ಯಾಯವಲ್ಲ.

ಎಲ್ಲಕ್ಕಿಂತ ದೊಡ್ಡ ಕೊರತೆ

ಕೊನೆಗೆ ನಂಬರ್. ಬೋಲ್ಟ್ ಹಿಡಿಯ ಹಿಂಭಾಗದ ನಂಬರ್, ರೈಫಲಿನ ಮೈಮೇಲಿನ ನಂಬರ್ ಒಂದೇ ಆಗಿರಬೇಕು. ನಾನು ಎರಡನ್ನೂ ಗಟ್ಟಿಯಾಗಿ ಓದಿದೆ. ಬೇರೆ ಬೇರೆ ಇದ್ದವು.

ಅಂದರೆ ಈ ರೈಫಲಿನ ಸ್ವಂತ ಬೋಲ್ಟ್ ಎಲ್ಲೋ ಹೋಗಿದೆ, ಇನ್ಯಾವುದರದೋ ಬಂದು ಕೂತಿದೆ. ನೋಡೋಕೆ ಏನೂ ಕಮ್ಮಿ ಇಲ್ಲ. ಆದರೆ ಬೋಲ್ಟಿನ ಮುಖಕ್ಕೂ ಕಾಡತೂಸು ಮುಂದೆ ಹೋಗದಂತೆ ತಡೆದು ನಿಲ್ಲುವ ಜಾಗಕ್ಕೂ ನಡುವೆ ಇರಬೇಕಾದ ಅಂತರ ಬಹಳ ಸೂಕ್ಷ್ಮ. ಅದಕ್ಕೆ ಹೆಡ್‌ಸ್ಪೇಸ್ ಅಂತಾರೆ. ಅಂತರ ಹೆಚ್ಚಾದರೆ ಗುಂಡು ಹಾರಿದಾಗ ಹಿತ್ತಾಳೆಯ ಕವಚ ಹಿಗ್ಗಿ ಒಡೆಯಬಹುದು, ಬಿಸಿ ಅನಿಲ ಹಾರಿಸಿದವರ ಮುಖದ ಕಡೆಗೆ ನುಗ್ಗಬಹುದು. ಇದನ್ನು ಕಣ್ಣಲ್ಲಿ ಅಳೆಯೋಕಾಗಲ್ಲ, ಗೇಜ್ ಬೇಕು.

"ನಮ್ಮೆಜಮಾನ್ರು ಇದರಲ್ಲೇ ಎಷ್ಟೋ ವರ್ಷ ಜಿಂಕೆ ಹೊಡೆದಿದ್ದಾರೆ, ಏನೂ ಆಗಿಲ್ಲ" ಅಂದರು ಅಮ್ಮ. ಅದು ಸುಳ್ಳಲ್ಲ. ಲೀಡ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಮಗಳು ಹಿಡಿಯೋದಮ್ಮ ಇದನ್ನ" ಅಂದರು. ಅಮ್ಮ ತಲೆಯಾಡಿಸಿದರು. ಆ ರಾಜ್ಯದಲ್ಲಿ ಇಂಥ ಉದ್ದ ಬಂದೂಕನ್ನು ಪರಿಚಯದವರು ಅಂಗಡಿಯ ಮಧ್ಯಸ್ಥಿಕೆ ಇಲ್ಲದೆ ನೇರ ಮಾರಬಹುದು. ಹಾಗಾಗಿ ಅಲ್ಲಿ ನಮ್ಮನ್ನು ಬಿಟ್ಟರೆ ಪರೀಕ್ಷೆ ಮಾಡುವವರು ಬೇರೆ ಯಾರೂ ಇರಲಿಲ್ಲ.

ಒಪ್ಪಂದ ಹೀಗಾಯ್ತು: ಮೊದಲು ಗನ್‌ಸ್ಮಿತ್ ಹತ್ತಿರ ಹೋಗುವುದು, ಆಮೇಲೆ ಹಣ. ಗೇಜ್ ಹಾಕಿದಾಗ ಅಂತರ ಮಿತಿ ದಾಟಿತ್ತು. ಗನ್‌ಸ್ಮಿತ್ ಉದ್ದದ ಬೇರೆ ಬೋಲ್ಟ್ ತಲೆ ಕೂರಿಸಿ ಮತ್ತೆ ಅಳೆದರು, ಎಜೆಕ್ಟರ್ ಸ್ಕ್ರೂ, ಕಾಲರ್ ಎರಡೂ ಹಾಕಿದರು. ರಿಪೇರಿ ಖರ್ಚನ್ನು ಲೀಡ್ ಬೆಲೆಯಲ್ಲಿ ಕಳೆಯಲಿಲ್ಲ. ಮಗಳು ಆ ವರ್ಷ ಕಿತ್ತಳೆ ಬಣ್ಣದ ಜಾಕೆಟ್ ಹಾಕಿ ಚಳಿಯಲ್ಲಿ ಎರಡು ದಿನ ಕೂತಳು. ಜಿಂಕೆ ಬರಲಿಲ್ಲ.

ನಮ್ಮೂರಿಗೆ ಬಂದರೆ

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ಆದರೆ ಕೊಡಗು, ಮಲೆನಾಡಿನ ಎಷ್ಟೋ ಮನೆಗಳಲ್ಲಿ ಅಜ್ಜನ ಕಾಲದ ಕೋವಿ ಇನ್ನೂ ಇದೆ. ಕೊಡಗಿನಲ್ಲಿ ಕೈಲ್‌ಪೊಳ್ದ್ ದಿನ ಒರೆಸಿ, ಹೂವಿಟ್ಟು ಪೂಜೆ ಮಾಡುತ್ತಾರೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮಂಥವರು ವರ್ಷಕ್ಕೊಮ್ಮೆ ಊರಿಗೆ ಹೋದಾಗ ಅದನ್ನು ಕೈಗೆತ್ತಿಕೊಂಡು ಫೋಟೊ ತೆಗೆಸಿಕೊಳ್ಳೋದುಂಟು. ಹಾಗೆ ಮಾಡುವ ಮೊದಲು ಮನೆಯ ಹಿರಿಯರಿಂದ ಅದು ಖಾಲಿ ಇದೆಯೇ ಅಂತ ತೆಗೆದು ತೋರಿಸಿಕೊಳ್ಳಿ. ಲೈಸೆನ್ಸ್ ತೀರಿಕೊಂಡ ಅಜ್ಜನ ಹೆಸರಲ್ಲೇ ಇದ್ದರೆ ತಡಮಾಡದೆ ಲೈಸೆನ್ಸ್ ಕೊಡುವ ಕಚೇರಿಗೆ ತಿಳಿಸಿ. ಒಂದು ಸ್ಕ್ರೂ ಇಲ್ಲ ಅನಿಸಿದರೆ ಊರಿನ ವೆಲ್ಡಿಂಗ್ ಶಾಪಿಗೆ ಒಯ್ಯಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿ ರಿಪೇರಿ ಕೆಲಸಕ್ಕೂ ಪರವಾನಗಿ ಬೇಕು. ಅಂಥವರ ಹತ್ತಿರವೇ ಹೋಗಿ.