ಒಂದೇ ನಿಸ್ತಂತು ಮಾರ್ಗದಲ್ಲಿ ಮಾತು ಮತ್ತು ಲೆಕ್ಕ

ಸೂರತ್ತಿನ ರಿಂಗ್ ರೋಡಿನ ಜವಳಿ ಮಾರುಕಟ್ಟೆಗಳಲ್ಲಿ ಹಗಲೆಲ್ಲ ಎರಡು ಬಗೆಯ ಸಂದೇಶಗಳು ಆಕಾಶಮಾರ್ಗವಾಗಿ ಸಂಚರಿಸುತ್ತಿರುತ್ತವೆ. ಒಂದು ವರ್ತಕರ ಮಾತು. ಇನ್ನೊಂದು ಬ್ಯಾಂಕುಗಳ ಲೆಕ್ಕ. ಮಾತು ಅಲ್ಪಸ್ವಲ್ಪ ಲೋಪವನ್ನು ಸಹಿಸೀತು, ತಡವನ್ನು ಸಹಿಸದು. ಲೆಕ್ಕವು ತಡವನ್ನು ಸಹಿಸೀತು, ಒಂದು ಅಂಕಿಯ ಲೋಪವನ್ನೂ ಸಹಿಸದು. ಹೀಗೆ ಪರಸ್ಪರ ವಿರುದ್ಧ ಸ್ವಭಾವದ ಇವೆರಡನ್ನೂ ಒಂದೇ ನಿಸ್ತಂತು ಮಾರ್ಗದಲ್ಲಿ ಸಾಗಿಸುವುದು ಹೇಗೆಂಬುದು ವಿಚಾರಾರ್ಹವಾದ ವಿಷಯ.

ತಂತಿಯಾದರೆ ಬೇಕಾದಷ್ಟು ಎಳೆಯಬಹುದು. ರೇಡಿಯೋ ತರಂಗಗಳ ವಿಸ್ತಾರವಾದರೋ ಪರಿಮಿತ. ಆದುದರಿಂದ ಹಂಚಿಕೊಳ್ಳುವುದು ಅನಿವಾರ್ಯ. ಹಂಚಿಕೆಯ ಸರಳ ಕ್ರಮವೆಂದರೆ ನಾಲೆಯ ನೀರಿನ ಪಾಳಿಯಂತೆ ಪ್ರತಿ ನೆಲೆಗೂ ಗೊತ್ತಾದ ಕಾಲಖಂಡವೊಂದನ್ನು ಕೊಡುವುದು. ಇದರಲ್ಲಿ ಜಗಳವಿಲ್ಲ. ಆದರೆ ಪಾಳಿ ಬಂದಾಗ ಗದ್ದೆಗೆ ನೀರು ಬೇಡವಾಗಿದ್ದರೆ ಆ ನೀರು ವ್ಯರ್ಥ. ಬ್ಯಾಂಕಿನ ಶಾಖೆಯ ಸಂದೇಶಗಳೂ ಹಾಗೆಯೇ: ಬಂದರೆ ಒಟ್ಟಿಗೆ ಬರುವುವು, ಇಲ್ಲವಾದರೆ ಬಹಳ ಹೊತ್ತು ಮೌನ.

ಇದಕ್ಕೆ ವಿರುದ್ಧವಾದ ಮಾರ್ಗವನ್ನು 1971ರಲ್ಲಿ ಹವಾಯಿ ವಿಶ್ವವಿದ್ಯಾನಿಲಯದಲ್ಲಿ ನಾರ್ಮನ್ ಅಬ್ರಾಮ್ಸನ್ ಮತ್ತು ಅವರ ಸಂಗಡಿಗರು ಕಾರ್ಯರೂಪಕ್ಕೆ ತಂದರು. ‘ಅಲೋಹಾ’ ಎಂಬ ಆ ಜಾಲದಲ್ಲಿ ಪಾಳಿಯೇ ಇಲ್ಲ. ಯಾರಿಗೆ ಸಂದೇಶವಿದೆಯೋ ಅವರು ಕೂಡಲೇ ಕಳುಹಿಸುವರು. ಎರಡು ಸಂದೇಶಗಳು ಡಿಕ್ಕಿಯಾದರೆ ಇಬ್ಬರೂ ಬೇರೆ ಬೇರೆ ಅವಧಿ ಕಾದು ಮತ್ತೆ ಕಳುಹಿಸುವರು. ಈ ಸ್ವಾತಂತ್ರ್ಯಕ್ಕೆ ಬೆಲೆ ಉಂಟು: ಮಾರ್ಗದ ಶೇಕಡಾ 18ಕ್ಕಿಂತ ಸ್ವಲ್ಪವೇ ಹೆಚ್ಚು ಭಾಗ ಸಫಲವಾಗಿ ಬಳಕೆಯಾಗುತ್ತದೆ. ಕಾಲವನ್ನು ಸಮಖಂಡಗಳಾಗಿ ವಿಭಾಗಿಸಿ, ಖಂಡದ ಆರಂಭದಲ್ಲಿ ಮಾತ್ರ ಕಳುಹಿಸಬೇಕೆಂದು ನಿಯಮಿಸಿದರೆ ಇದು ಇಮ್ಮಡಿಸಿ ಸುಮಾರು 37 ಆಗುವುದು. ಆ ಅತ್ಯುತ್ತಮ ಸ್ಥಿತಿಯಲ್ಲಿಯೂ ನೂರು ಖಂಡಗಳಲ್ಲಿ 37 ಬರಿದು, 37 ಸಫಲ, 26 ಡಿಕ್ಕಿ. ಹೊರೆ ಅದನ್ನು ಮೀರಿದರೆ ಡಿಕ್ಕಿಗಳು ಬೆಳೆದು, ಸಫಲತೆ ಕುಗ್ಗುತ್ತಲೇ ಹೋಗುತ್ತದೆ.

ಈ ಪ್ರಶ್ನೆ ಗುಜರಾತ್ ಮತ್ತು ಕರ್ನಾಟಕಗಳಿಗೆ ಹೊರಗಿನದಲ್ಲ. ಭಾರತದ ಮೊದಲ ಪ್ರಾಯೋಗಿಕ ಉಪಗ್ರಹ ಸಂಪರ್ಕ ಭೂನೆಲೆ 1967ರಲ್ಲಿ ಅಹಮದಾಬಾದಿನಲ್ಲಿ ಸ್ಥಾಪಿತವಾಯಿತು. 1981ರ ಜೂನ್ 19ರಂದು ಏರಿಯಾನ್ ರಾಕೆಟ್ಟಿನಲ್ಲಿ ಹಾರಿದ ‘ಆಪಲ್’ ಉಪಗ್ರಹ ರೂಪುಗೊಂಡುದು ಬೆಂಗಳೂರಿನಲ್ಲಿ. ಅದರ ಎರಡು ಸೌರಫಲಕಗಳಲ್ಲಿ ಒಂದು ಬಿಚ್ಚಿಕೊಳ್ಳಲಿಲ್ಲ. ಆದರೂ ಅದು ಎರಡು ವರ್ಷಕ್ಕೂ ಮಿಕ್ಕಿ ದುಡಿಯಿತು. ಕಾಲ, ತರಂಗಾಂತರ ಮತ್ತು ಸಂಕೇತಗಳ ಆಧಾರದ ಹಂಚಿಕೆ, ಕಂಪ್ಯೂಟರುಗಳ ಜೋಡಣೆ, ಪಾಳಿಯಿಲ್ಲದ ಪ್ರವೇಶ ಇವೆಲ್ಲವೂ ಅದರ ಮೂಲಕ ಪರೀಕ್ಷಿತವಾದುವು.

ಉಪಗ್ರಹಮಾರ್ಗದಲ್ಲಿ ಮಾತಿನ ತೊಡಕು ಸ್ಪಷ್ಟವಾಗಿ ಕಾಣುತ್ತದೆ. ಉಪಗ್ರಹದ ಎತ್ತರ ಸುಮಾರು 36,000 ಕಿಲೋಮೀಟರು. ಏರಿ ಇಳಿಯಲು ಸಂಕೇತಕ್ಕೆ ಕಾಲು ಸೆಕೆಂಡು ಬೇಕು. ಡಿಕ್ಕಿಯಾದುದು ತಿಳಿಯುವುದೇ ಅಷ್ಟು ಹೊತ್ತಿನ ಮೇಲೆ. ಮತ್ತೆ ಕಳುಹಿಸಿದರೆ ಇನ್ನೊಂದು ಕಾಲು ಸೆಕೆಂಡು. ಲೆಕ್ಕಕ್ಕೆ ಇದರಿಂದ ಬಾಧೆಯಿಲ್ಲ. ಮಾತಿಗಾದರೋ, ಅರ್ಧ ಸೆಕೆಂಡು ಕಳೆದು ಬಂದ ಪದದಿಂದ ಸಂಭಾಷಣೆಯೇ ಮುರಿಯುತ್ತದೆ.

ಆದುದರಿಂದ ವಿನ್ಯಾಸಕಾರರು ಎರಡು ಕ್ರಮಗಳನ್ನೂ ಕೂಡಿಸಿದರು. ಮಾತನಾಡಬಯಸುವವನು ಮೊದಲು ಚಿಕ್ಕದೊಂದು ಬೇಡಿಕೆಯನ್ನು ಪಾಳಿಯಿಲ್ಲದ ಬಾಗಿಲಿನಿಂದ ಕಳುಹಿಸುತ್ತಾನೆ. ಬೇಡಿಕೆ ಕಿರಿದಾದುದರಿಂದ ಡಿಕ್ಕಿಯ ನಷ್ಟವೂ ಕಿರಿದು. ಒಪ್ಪಿಗೆ ದೊರೆತ ಮೇಲೆ ಸಂಭಾಷಣೆ ಮುಗಿಯುವವರೆಗೂ ನಿಯತ ಕಾಲಖಂಡಗಳು ಅವನವು. ಉಳಿದ ಖಂಡಗಳು ಲೆಕ್ಕಕ್ಕೆ ಸಲ್ಲುತ್ತವೆ. ಮಾತನಾಡುವವರು ಕಡಿಮೆಯಾದಾಗ ಲೆಕ್ಕದ ಪಾಲು ಹಿಗ್ಗುತ್ತದೆ, ಹೆಚ್ಚಾದಾಗ ಕುಗ್ಗುತ್ತದೆ. ಸಂಭಾಷಣೆಯಲ್ಲಿ ಒಬ್ಬನು ಆಡುವಾಗ ಇನ್ನೊಬ್ಬನು ಕೇಳುವನಾದ್ದರಿಂದ, ಆ ಮೌನದ ಖಂಡಗಳನ್ನೂ ಬಳಸಿಕೊಳ್ಳಬಹುದು. ಆದರೆ ಲೆಕ್ಕಕ್ಕೆಂದು ಒಂದಿಷ್ಟು ಖಂಡಗಳನ್ನು ತೆಗೆದಿರಿಸದಿದ್ದರೆ, ಮಾತಿನ ಸಂದಣಿಯಲ್ಲಿ ಅದು ಸಂಪೂರ್ಣ ನಿಂತುಹೋದೀತು.

1999ರಲ್ಲಿ ಬ್ಯಾಂಕುಗಳಿಗಾಗಿ ಆರಂಭವಾದ ‘ಇನ್ಫಿನೆಟ್’ ಜಾಲವು ಮೊದಲಲ್ಲಿ ಇಂತಹ ಉಪಗ್ರಹಮಾರ್ಗದ ಹಂಚಿಕೆಯನ್ನೇ ಅವಲಂಬಿಸಿತ್ತು. ಇಂದಿನ ನಾಲ್ಕನೆಯ ಪೀಳಿಗೆಯ ಮೊಬೈಲ್ ಜಾಲದಲ್ಲಿಯೂ ತತ್ತ್ವ ಅದೇ. ಫೋನು ಮೊದಲು ಬಾಗಿಲು ತಟ್ಟುವುದು ಅಲೋಹಾ ಕ್ರಮದಿಂದ; ಆಮೇಲೆ ಗೋಪುರವು ಪಾಳಿಯನ್ನು ನಿಶ್ಚಯಿಸಿ, ಮಾತಿಗೆ ಅಗ್ರಸ್ಥಾನ ಕೊಡುತ್ತದೆ.

ಇದರ ನಿಜವಾದ ಪರೀಕ್ಷೆ ಆಪತ್ಕಾಲದಲ್ಲಿ. 2006ರ ಆಗಸ್ಟಿನಲ್ಲಿ ಉಕಾಯಿ ಜಲಾಶಯದಿಂದ ಬಿಟ್ಟ ನೀರಿನಿಂದ ತಾಪಿ ಉಕ್ಕಿ ಸೂರತ್ತಿನ ಬಹುಭಾಗ ಮುಳುಗಿತು. ಅಂತಹ ಹೊತ್ತಿನಲ್ಲಿ ಊರಿಗೆ ಊರೇ ಒಮ್ಮೆಗೆ ಬಾಗಿಲು ತಟ್ಟುತ್ತದೆ. ದೂರದ ಧಾರವಾಡದಲ್ಲೋ ಮೈಸೂರಿನಲ್ಲೋ ಇರುವ ತಂದೆತಾಯಿಗಳೂ ತಟ್ಟುತ್ತಾರೆ. ಎಲ್ಲರಿಗೂ ತೆರೆದರೆ ಡಿಕ್ಕಿಗಳಲ್ಲಿ ಯಾರ ಕರೆಯೂ ಸೇರದು. ಆದಕಾರಣ ಗೋಪುರವು ಸಾಮಾನ್ಯ ಫೋನುಗಳಲ್ಲಿ ಒಂದು ಪಾಲನ್ನು ಸ್ವಲ್ಪ ಕಾಲ ತಡೆದು, ರಕ್ಷಣಾ ಕಾರ್ಯದವರಿಗೆ ದಾರಿ ಕಾದಿರಿಸುವ ವ್ಯವಸ್ಥೆಯೂ ಈ ಜಾಲಗಳಲ್ಲಿ ಉಂಟು. ಯಾರು ಕಾಯಬೇಕು, ಎಷ್ಟು ಕಾಯಬೇಕು ಎಂಬುದನ್ನು ಪ್ರವಾಹ ಬಂದಾಗ ಚರ್ಚಿಸಲಾಗದು. ಜಾಲವನ್ನು ಹೆಣೆಯುವಾಗಲೇ ಅದನ್ನು ನಿರ್ಣಯಿಸಿರಬೇಕು.