ಪಿ.ಎಫ್. ಗಂಟಿಗೂ ತೆರಿಗೆಯ ಲೆಕ್ಕ

ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದ್ದು 1923ರಲ್ಲಿ. ಕಾಗದ ಕಾರ್ಖಾನೆ ಬಂದದ್ದು 1930ರ ದಶಕದಲ್ಲಿ. ಇಂಥ ಊರಿನಲ್ಲಿ ಪಿ.ಎಫ್. ಎಂದರೆ ಮಗಳ ಮದುವೆ, ಶಿವಮೊಗ್ಗದಲ್ಲೊಂದು ನಿವೇಶನ, ಕೊನೆಗಾಲದ ಔಷಧಿ ಖರ್ಚು. ಹೆಚ್ಚು ಕಟ್ಟಿದಷ್ಟೂ ಒಳ್ಳೆಯದೆಂಬ ನಂಬಿಕೆ ಸಹಜ.

ಆದರೆ 2021ರ ಏಪ್ರಿಲ್ 1ರಿಂದ ಲೆಕ್ಕ ಬದಲಾಗಿದೆ. ನೌಕರ ತನ್ನ ಸಂಬಳದಿಂದ ವರ್ಷಕ್ಕೆ ಎರಡೂವರೆ ಲಕ್ಷ ರೂಪಾಯಿಗಿಂತ ಹೆಚ್ಚು ಕಟ್ಟಿದರೆ, ಹೆಚ್ಚುವರಿ ಹಣದ ಬಡ್ಡಿಗೆ ತೆರಿಗೆ ಬೀಳುತ್ತದೆ. ಮಾಲೀಕರು ಸೇರಿಸುವ ಪಾಲು ಈ ಮಿತಿಯ ಲೆಕ್ಕಕ್ಕಿಲ್ಲ. ಮಾಲೀಕರ ಪಾಲೇ ಇಲ್ಲದ ಸರ್ಕಾರಿ ನೌಕರರ ಜಿ.ಪಿ.ಎಫ್.ಗೆ ಮಿತಿ ಐದು ಲಕ್ಷ.

ಮೂರು ಲಕ್ಷ ಕಟ್ಟಿದವರ ಹೆಚ್ಚುವರಿ 50,000. ಶೇ 8.25ರಂತೆ ಪೂರ್ಣ ವರ್ಷದ ಬಡ್ಡಿ 4,125 ರೂಪಾಯಿ. ತೆರಿಗೆ ಈ ಬಡ್ಡಿಗೆ ಮಾತ್ರ, ಅಸಲಿಗಲ್ಲ. ಆದರೆ ಆ ಹಣ ಅಲ್ಲಿರುವವರೆಗೂ ಪ್ರತಿ ವರ್ಷ ತಪ್ಪದು. ಇದಕ್ಕಾಗಿಯೇ ಒಂದೇ ಪಿ.ಎಫ್.ನೊಳಗೆ ಎರಡು ಲೆಕ್ಕ ಇಡುತ್ತಾರೆ.

ಹಣ ಇನ್ನೂ ಕೈಗೆ ಬಂದಿಲ್ಲವಲ್ಲ ಎಂದು ಸುಮ್ಮನಿರುವಂತಿಲ್ಲ. ಬಡ್ಡಿಯನ್ನು ಆಯಾ ವರ್ಷದ ರಿಟರ್ನ್‌ನಲ್ಲೇ ‘ಇತರ ಮೂಲಗಳ ಆದಾಯ’ವೆಂದು ತೋರಿಸಬೇಕು, ಮೂಲದಲ್ಲೇ ತೆರಿಗೆ ಮುರಿದುಕೊಂಡಿದ್ದರೆ ಅದನ್ನು ಕಳೆದುಕೊಳ್ಳಬಹುದು. ಸ್ವಇಚ್ಛೆಯಿಂದ ಹೆಚ್ಚು ಕಟ್ಟುವ ಮುನ್ನ ವರ್ಷದ ಮೊತ್ತ ಕೂಡಿ ನೋಡಿ.