ಮೇಲಿನ ಮನೆ ನೀರು ನಮ್ಮ ಬಚ್ಚಲಲ್ಲಿ

ಕಳೆದ ಮಳೆಗಾಲದ ಒಂದು ರಾತ್ರಿ ಆಫೀಸ್ ಕಾಲ್‌ನಲ್ಲಿದ್ದೆ. "ಬಚ್ಚಲಲ್ಲಿ ನೀರು ಉಕ್ತಿದೆ, ಬಾರೋ!" ಅಂತ ಅಮ್ಮ ಕೂಗಿದಳು. ಬೆಂಗಳೂರಿನ ಬಾಡಿಗೆ ಮನೆ, ನಮ್ಮದು ಗ್ರೌಂಡ್ ಫ್ಲೋರ್. ನಾವ್ಯಾರೂ ನಲ್ಲಿ ತಿರುಗಿಸಿರಲಿಲ್ಲ. ಆದರೂ ಜಾಲಿಯಿಂದ ಕಪ್ಪು ನೀರು ಮೇಲೆ ಬರ್ತಿತ್ತು.

ನಾನು ಓದಿದ್ದು ಕಂಪ್ಯೂಟರ್ ಸೈನ್ಸ್, ಪೈಪಿನ ವಿಷಯ ಗೊತ್ತಿಲ್ಲ. ಆದರೆ ಬಗ್ ಹುಡುಕೋ ಅಭ್ಯಾಸ ಇದೆಯಲ್ಲ: ತೊಂದರೆ ಒಂದು ಕಡೆಯೋ, ಎಲ್ಲ ಕಡೆಯೋ? ಸಿಂಕ್ ಮಾತ್ರ ನಿಧಾನವಾದರೆ ಅದರ ಪೈಪಿನಲ್ಲೇ ಎಣ್ಣೆ, ಅನ್ನ ಕಟ್ಟಿಕೊಂಡಿದೆ ಎಂದರ್ಥ. ಸಿಂಕ್, ಬಚ್ಚಲು, ಟಾಯ್ಲೆಟ್ ಮೂರೂ ಕೈಕೊಟ್ಟರೆ ಕಟ್ಟಿರೋದು ಹೊರಗಿನ ಚೇಂಬರ್ ಅಥವಾ ಮೇನ್ ಲೈನ್. ನಮ್ಮಲ್ಲಿ ಮೂರೂ ನಿಂತಿದ್ದವು. ಮೇಲಿನ ಮನೆಯವರು ವಾಷಿಂಗ್ ಮಷೀನ್ ಹಾಕಿದಾಗಲೆಲ್ಲ ನೀರು ಇನ್ನೂ ಏರುತ್ತಿತ್ತು. ಮುಂದೆ ಹೋಗಲು ದಾರಿಯಿಲ್ಲದ ನೀರು ಎಲ್ಲಕ್ಕಿಂತ ತಗ್ಗಿನಲ್ಲಿರುವ ಬಾಯಿಂದ ಹೊರಬರುತ್ತೆ. ಅದು ನಮ್ಮ ಬಚ್ಚಲು.

ಬೆಳಿಗ್ಗೆ ಓನರ್ ಅಂಕಲ್ ಒಬ್ಬರನ್ನು ಕರೆತಂದರು, ಮ್ಯಾನ್‌ಹೋಲ್‌ಗೆ ಇಳಿಸೋಕೆ. ಬಂದವರಿಗೆ ಹೆಚ್ಚುಕಮ್ಮಿ ನನ್ನದೇ ವಯಸ್ಸು. ಕೈಯಲ್ಲಿ ಒಂದು ಬಿದಿರು ಕೋಲು, ಅಷ್ಟೇ.

"ಬೇಡ ಅಂಕಲ್, ಒಳಗೆ ವಿಷಾನಿಲ ಇರುತ್ತೆ. ಜೀವ ಹೋಗುತ್ತೆ."

"ಎಲ್ಲರೂ ಹೀಗೇ ಮಾಡ್ಸೋದು ಕಣಪ್ಪ."

ಸುರಕ್ಷಾ ಸಾಧನವಿಲ್ಲದೆ ಮನುಷ್ಯರನ್ನು ಹಾಗೆ ಇಳಿಸುವುದು 2013ರ ಕಾಯ್ದೆ ಪ್ರಕಾರ ಅಪರಾಧ ಅಂತ ಹೇಳಿದೆ. ಅವರಿಗೆ ಆ ದಿನದ ಕೂಲಿ ಕೊಟ್ಟು ಕಳಿಸಿ, ಜಲಮಂಡಳಿಯ 1916ಕ್ಕೆ ಫೋನ್ ಮಾಡಿದೆ. ಜೆಟ್ಟಿಂಗ್ ಗಾಡಿ ಬರೋವರೆಗೂ ನೀರು ಬಿಡಬೇಡಿ ಅಂತ ಮೇಲಿನ ಮನೆಗಳಿಗೆ ಹೇಳಿಬಂದೆ.

ಲೈನಿನಿಂದ ಹೊರಬಂದಿದ್ದು ಗಟ್ಟಿಯಾದ ಜಿಡ್ಡು, ವೆಟ್ ವೈಪ್ಸ್, ಪ್ಯಾಡ್. ಮೇಲಿನವರನ್ನು ಬೈಯೋಣ ಅಂದ್ರೆ, ಹಬ್ಬದಲ್ಲಿ ಬೋಂಡ ಕರಿದ ಎಣ್ಣೆಯನ್ನು ಸಿಂಕಿಗೆ ಸುರಿದಿದ್ದು ನಾನೇ! ಸಾಲದ್ದಕ್ಕೆ ನಮ್ಮ ತಾರಸಿಯ ಮಳೆನೀರಿನ ಪೈಪನ್ನೂ ಅದೇ ಚೇಂಬರಿಗೆ ಜೋಡಿಸಿದ್ದರು. ಮಳೆನೀರು ಹೋಗಬೇಕಾದ್ದು ಇಂಗುಗುಂಡಿಗೆ ಅಥವಾ ರಸ್ತೆಬದಿಯ ಮೋರಿಗೆ, ಒಳಚರಂಡಿಗಲ್ಲ.

ಈಗ ಬಾಣಲೆಯ ಜಿಡ್ಡನ್ನು ಹಳೇ ಪೇಪರಿನಲ್ಲಿ ಒರೆಸಿ ಆಮೇಲೆ ತೊಳೀತೀವಿ. ಸಿಂಕಿಗೆ ಜಾಲರಿ ಹಾಕಿದ್ದೀವಿ. ವೈಪ್ಸ್, ಪ್ಯಾಡ್ ಏನಿದ್ದರೂ ಕಸದ ಬುಟ್ಟಿಗೆ. ಬಳಸದ ಬಚ್ಚಲು ವಾಸನೆ ಬಂದರೆ ಆ್ಯಸಿಡ್ ಸುರಿಯೋ ಮುಂಚೆ ಒಂದು ಬಕೆಟ್ ನೀರು ಹಾಕಿ ನೋಡಿ. ವಾಸನೆ ತಡೆಯೋ ಟ್ರ್ಯಾಪ್‌ನ ನೀರು ಆರಿಹೋಗಿರಬಹುದು. ನೀವು ಹೋಟೆಲ್, ಕ್ಲೌಡ್ ಕಿಚನ್ ನಡೆಸೋರಾದರೆ ಗ್ರೀಸ್ ಟ್ರ್ಯಾಪ್ ಹಾಕಿಸಿ, ಆಗಾಗ ಕ್ಲೀನ್ ಮಾಡಿಸಿ.

ಅಂಕಲ್ ಮಳೆನೀರಿನ ಪೈಪನ್ನು ಬೇರೆ ಮಾಡಿಸಿದ್ದಾರೆ. ಈ ವರ್ಷ ಜೋರು ಮಳೆ ಬಂದರೂ ಜಾಲಿ ಸುಮ್ಮನಿದೆ. ಆದರೂ ಮಳೆ ಶುರುವಾದರೆ ಅಮ್ಮ ಒಮ್ಮೆ ಬಚ್ಚಲಿಗೆ ಇಣುಕಿ ಬರ್ತಾಳೆ.